ಏನೂ ಆಗಿಲ್ಲ ಅಂದವರ ಸ್ಟ್ರೆಚರ್

ಪೀಪಿ ಸಾಹೇಬರ ಪಾದ ಒಂಬತ್ತನೇ ನಂಬರಿನದು. ಅವರು ಕೊಂಡು ತಂದ ಬೂಟು ಏಳನೇ ನಂಬರಿನದು. ಇಡೀ ವಿಶ್ವವಿದ್ಯಾಲಯ ಒಂದು ದಿನದ ಮಟ್ಟಿಗೆ ತಲೆಕೆಳಗಾಗಿ ನಿಂತದ್ದು ಈ ಎರಡು ನಂಬರಿನ ಸಂದಿಯಲ್ಲಿ.

ಪೀಪಿ ಅನ್ನುವುದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರು ಹಾಸ್ಟೆಲ್ ವಾರ್ಡನ್. ಕೊರಳಲ್ಲಿ ಸದಾ ಒಂದು ಪೀಪಿ ನೇತಾಡುತ್ತಿತ್ತು. ಊಟಕ್ಕೆ ಕರೆಯಲು ಊದುವರು, ದೀಪ ಆರಿಸಿ ಅನ್ನಲು ಊದುವರು. ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗಲೂ ಒಂದು ಸಲ ಊದಿಯೇ ಹೊರಳುತ್ತಾರೆ ಎಂದು ಅವರ ಹೆಂಡತಿಯೇ ನೆರೆಮನೆಯವರ ಹತ್ತಿರ ಹೇಳಿದ್ದಳು. ಹೆಂಡತಿ ಹೇಳಿದ ಮೇಲೆ ಸುಳ್ಳಿರಲಿಕ್ಕಿಲ್ಲ.

ಬೂಟಿನ ಅಂಗಡಿಯಲ್ಲಿ ಆಕೆ ಎಚ್ಚರಿಸಿದ್ದಳು ಕೂಡ.

"ರೀ, ಇದು ನಿಮ್ಮ ಕಾಲಿಗಲ್ಲ. ನಿಮ್ಮ ಹೆಬ್ಬೆರಳೊಂದಕ್ಕೆ ಆಗತ್ತೆ, ಅಷ್ಟೆ."

"ಸುಮ್ನಿರೆ. ಒಳ್ಳೆ ಚರ್ಮ. ಹಾಕ್ಕೊಂಡು ಓಡಾಡಿದ್ರೆ ಬಿಟ್ಕೊಳ್ಳತ್ತೆ."

"ಬಿಟ್ಕೊಳ್ಳೋದು ಯಾವುದು? ಬೂಟಿನ ಚರ್ಮಾನಾ, ನಿಮ್ಮ ಚರ್ಮಾನಾ?"

ಆದರೆ ಬೂಟು ಫಳಫಳ ಹೊಳೆಯುತ್ತಿತ್ತು. ಬಗ್ಗಿ ನೋಡಿದರೆ ಸಾಹೇಬರ ಮೀಸೆ ಅದರಲ್ಲಿ ಕಾಣುತ್ತಿತ್ತು. ಆ ಹೊಳಪಿನಲ್ಲಿ ದೊಡ್ಡ ನಂಬರು ಅಂಗಡಿಯಲ್ಲಿರಲಿಲ್ಲ. ಮೀಸೆ ತೋರಿಸುವ ಬೂಟನ್ನು ಬಿಟ್ಟುಬರುವ ಗಂಡಸು ಇನ್ನೂ ಹುಟ್ಟಿಲ್ಲ.

ಇಷ್ಟಕ್ಕೂ ಆ ಬೂಟು ಯಾಕೆ ಬೇಕಿತ್ತು ಎಂದರೆ, ಅದಕ್ಕೆ ಗ್ರಂಥಾಲಯದ ಬಾಗಿಲಲ್ಲಿ ಬಿದ್ದ ಹುಡುಗಿಯ ಕಥೆ ಹೇಳಬೇಕು.

ಹಿಂದಿನ ವರ್ಷ ಪರೀಕ್ಷೆಯ ಹೊತ್ತಿಗೆ ಒಬ್ಬ ಹುಡುಗಿ ಗ್ರಂಥಾಲಯದ ಹೊಸ್ತಿಲ ಮೇಲೆ ತಲೆ ತಿರುಗಿ ಬಿದ್ದಳು. ತಲೆ ಒಳಗೆ ಬಿತ್ತು, ಕಾಲು ಹೊರಗೆ ಬಿತ್ತು. ಗ್ರಂಥಪಾಲಕರು ಓಡಿಬಂದು, "ತಲೆ ನಮ್ಮದು, ಕಾಲು ಕಟ್ಟಡ ವಿಭಾಗದ್ದು, ಅವರನ್ನ ಕರೀರಿ" ಅಂದರು. ಕಟ್ಟಡ ವಿಭಾಗದವರು ಬಂದು, "ಹೊಸ್ತಿಲವರೆಗೂ ಗ್ರಂಥಾಲಯದ್ದೇ, ಅದೂ ಅಲ್ದೆ ನಿಂತಿರೋದು ನಮ್ಮ ಜವಾಬ್ದಾರಿ, ಬಿದ್ದಿರೋದು ಆರೋಗ್ಯ ಕೇಂದ್ರದ್ದು" ಅಂದರು. ಆರೋಗ್ಯ ಕೇಂದ್ರದವರು ಬಾಗಿಲಿಗೆ ಬೀಗ ಹಾಕಿ ಚಹಾಕ್ಕೆ ಹೋಗಿದ್ದರು. ಈ ಮೂರು ಕಡೆಯವರ ವಾದ ನಡೆಯುತ್ತಿದ್ದಂತೆ ಹುಡುಗಿಗೆ ತಾನಾಗಿಯೇ ಎಚ್ಚರವಾಯಿತು. ಎದ್ದು ಕೂತು, "ನನಗೇನೂ ಆಗಿಲ್ಲ" ಅಂದಳು. ಎಲ್ಲರಿಗೂ ಸಮಾಧಾನವಾಗಿ ಒಬ್ಬರಿಗೊಬ್ಬರು ಕೈ ಕುಲುಕಿದರು. ಹುಡುಗಿ ಮೆಟ್ಟಿಲಿಳಿದು ಹೋಗಿ ಕೆಳಗಿನ ಮೆಟ್ಟಿಲಲ್ಲಿ ಮತ್ತೆ ಬಿದ್ದಳು. ಈ ಸಲ ಪೂರ್ತಿ ಹೊರಗೆ.

ಪುಣ್ಯಕ್ಕೆ ಹುಡುಗಿ ಚೇತರಿಸಿಕೊಂಡಳು. ವಿಶ್ವವಿದ್ಯಾಲಯದ ಮಾನ ಮಾತ್ರ ಇನ್ನೂ ಹಾಸಿಗೆ ಹಿಡಿದಿತ್ತು. ಕುಲಪತಿಗಳು ಕೆಂಡವಾದರು. ವಿದ್ಯಾರ್ಥಿಗಳಿಗಾಗಿ ಒಂದು ತುರ್ತು ನೆರವಿನ ಪಡೆ ಆಗಲೇಬೇಕು ಅಂದರು. ಪಡೆ ಕಟ್ಟುವ ಕೆಲಸ ಪೀಪಿ ಸಾಹೇಬರ ತಲೆಗೆ ಬಂತು, ಯಾಕೆಂದರೆ ಪೀಪಿ ಇದ್ದದ್ದು ಅವರೊಬ್ಬರ ಹತ್ತಿರವೇ.

ಸಾಹೇಬರು ಮನಸ್ಸಿಟ್ಟು ಕೆಲಸ ಮಾಡಿದರು, ಸುಳ್ಳು ಹೇಳಬಾರದು. ಹುಡುಗ ಹುಡುಗಿಯರನ್ನು ಆರಿಸಿದರು, ಸ್ಟ್ರೆಚರ್ ತರಿಸಿದರು, ಮೈದಾನದಲ್ಲಿ ಬೆವರು ಸುರಿಸಿ ಕಲಿಸಿದರು. ನಿಯಮಗಳನ್ನೂ ತಾವೇ ಮಾಡಿದರು.

"ಕೇಳಿ ಮಕ್ಕಳಾ. ನೋವು ಅಂತ ಕಿರುಚೋನಿಗೆ ಇನ್ನೂ ಉಸಿರಿದೆ ಅಂತ ಅರ್ಥ. ನನಗೇನೂ ಆಗಿಲ್ಲ ಅಂತಾನಲ್ಲ, ಅವನೇ ಅಪಾಯದಲ್ಲಿರೋನು. ಅವನನ್ನೇ ಮೊದಲು ಎತ್ತಿ! ಎರಡನೇ ಸಲ ಹಾಗಂದ್ರೆ ಪಟ್ಟಿ ಬಿಗೀರಿ. ಮೂರನೇ ಸಲ ಅಂದ್ರೆ ಡಾಕ್ಟರನ್ನ ಓಡಿಸಿ. ಮತ್ತೆ ನೆಂಟರನ್ನ ಹಗ್ಗದಾಚೆ ನಿಲ್ಲಿಸಿ. ಅವರು ಗಾಬರೀಲಿ ಏನೇನೋ ಹೇಳ್ತಾರೆ, ಕಿವಿಗೆ ಹಾಕ್ಕೋಬೇಡಿ! ರೋಗಿ ಮಾತನ್ನೂ ನಂಬಬೇಡಿ!"

ಪಡೆಯ ನಾಯಕಿಯಾಗಿ ಒಬ್ಬ ಹುಡುಗಿ. ಅವಳನ್ನು ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುವಾದರೆ ಮತ್ತೆ ಕಣ್ಣು ಮುಚ್ಚುವವರೆಗೂ ಮಾತು. ಸ್ಟ್ರೆಚರ್ ಹೊತ್ತು ಓಡುವಾಗಲೂ ಮಾತು, ನೀರು ಕುಡಿಯುವಾಗಲೂ ಮಾತು. ಅವಳ ಕೋಣೆಯ ಗೋಡೆಗೆ ಹಲ್ಲಿ ಬರುತ್ತಿರಲಿಲ್ಲವಂತೆ, ಲೊಚಗುಟ್ಟಲು ಪುರಸೊತ್ತು ಸಿಗುವುದಿಲ್ಲ ಎಂದು.

ಇನ್ನು ಉದ್ಘಾಟನೆ. ಕುಲಪತಿಗಳು ಬಂದು ಪಡೆಯನ್ನು ನೋಡಿ, ಅದಕ್ಕೆ ಕಾಯಂ ಮುಖ್ಯಸ್ಥರು ಯಾರು ಎಂದು ಅಲ್ಲೇ ಘೋಷಿಸುವುದೆಂದು ಗೊತ್ತಾಗಿತ್ತು. ಆ ಕುರ್ಚಿಯ ಮೇಲೆ ವ್ಯಾಯಾಮದ ಮೇಷ್ಟ್ರಿಗೂ ಕಣ್ಣು. ಸಾಹೇಬರಿಗೆ ಸಿಗದಿದ್ದರೆ ಮತ್ತೆ ಹಾಸ್ಟೆಲಿನಲ್ಲಿ ಕಳೆದುಹೋದ ಬಕೆಟ್ ಹುಡುಕುವ ಕೆಲಸವೇ ಗತಿ. ಇದಕ್ಕಿಂತ ದೊಡ್ಡ ಫಜೀತಿ ಏನೆಂದರೆ, ಕುರ್ಚಿ ಈಗಾಗಲೇ ತಮಗೆ ಸಿಕ್ಕಿಬಿಟ್ಟಿದೆ ಎಂದು ಸಾಹೇಬರು ಹೆಂಡತಿಯ ಅಣ್ಣನಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಆ ಭಾವ ರೈಲಿನ ಇಂಜಿನ್ ಓಡಿಸಿ ನಿವೃತ್ತರಾದವರು. ಮೆಲ್ಲಗೆ ಮಾತಾಡಿದರೂ ಪಕ್ಕದ ಬೀದಿಯವರು ಹೌದೌದು ಅನ್ನಬೇಕು, ಅಂಥ ಕಂಠ. ಅವರು ಹಿಂದಿನ ದಿನವೇ ಚೀಲ ಹಿಡಿದು ಬಂದಿಳಿದಿದ್ದರು.

ಅಂಥ ಭಾವನ ಮುಂದೆ, ಅಂಥ ಕುಲಪತಿಗಳ ಮುಂದೆ, ಹಳೆಯ ಚಪ್ಪಲಿಯಲ್ಲಿ ನಿಲ್ಲಲಾದೀತೆ?

ಬೆಳಿಗ್ಗೆ ಸಾಹೇಬರು ಬಚ್ಚಲ ಬಾಗಿಲು ಹಾಕಿಕೊಂಡು ಬೂಟಿಗೆ ಕಾಲು ತುರುಕಿದರು. ಕಾಲುಚೀಲ ಹಾಕಿದರೆ ಬೂಟು ಏರುವುದಿಲ್ಲ. ಕಾಲುಚೀಲವಿಲ್ಲದೆ ಬೂಟು ಹಾಕಿದರೆ ಮರ್ಯಾದೆಯಲ್ಲ. ಸಾಹೇಬರು ಕತ್ತರಿ ತಂದು ಹೊಸ ಕಾಲುಚೀಲದ ಪಾದವನ್ನು ಕತ್ತರಿಸಿ ಎಸೆದರು. ಮೇಲಿನ ಕೊಳವೆಯನ್ನಷ್ಟೇ ಕಣಕಾಲಿಗೆ ಏರಿಸಿಕೊಂಡರು. ಹೊರಗಿನಿಂದ ನೋಡಿದರೆ ದೊರೆ, ಒಳಗೆ ಬರಿಗಾಲು.

ಹೊರಬಂದಾಗ ಹೆಂಡತಿ ಕೇಳಿದಳು. "ಏನ್ರೀ, ಕುಂಟ್ತಿದೀರಾ?"

"ಗತ್ತಿನ ನಡಿಗೆ ಕಣೆ, ಇದು."

"ಮುಖ ಯಾಕೆ ಹಿಂಡಿದ ಬಟ್ಟೆ ಥರ ಇದೆ?"

"ಅದೂ ಗತ್ತೇ."

ಭಾವ ಗುಡುಗಿದರು. "ಅಧಿಕಾರ ಬಂದ ಮೇಲೆ ನಡಿಗೆ ಬದಲಾಗತ್ತೆ ತಂಗೀ! ನಮ್ಮ ಸ್ಟೇಷನ್ ಮಾಸ್ಟರು ಬಡ್ತಿ ಸಿಕ್ಕ ದಿನ ಹೀಗೇ ನಡೀತಿದ್ರು!"

ಮೈದಾನದಲ್ಲಿ ಪೆಂಡಾಲ್ ಹಾಕಿತ್ತು. ವೇದಿಕೆಯ ಮೇಲೆ ಕುಲಪತಿ, ಪಕ್ಕದಲ್ಲಿ ಕುಲಸಚಿವ, ಆಮೇಲೆ ಆರೋಗ್ಯ ಕೇಂದ್ರದ ಡಾಕ್ಟರು, ತುದಿಯಲ್ಲಿ ವ್ಯಾಯಾಮದ ಮೇಷ್ಟ್ರು. ಮೈಕಿನ ಪಕ್ಕದಲ್ಲಿ ಪೀಪಿ ಸಾಹೇಬರು ನಿಂತೇ ಇರಬೇಕು, ನಿರೂಪಣೆ ಅವರದು. ಕೆಳಗೆ ಪಡೆ ಸಾಲಾಗಿ ನಿಂತಿತ್ತು. ಸ್ಟ್ರೆಚರಿನ ಹತ್ತಿರ ರೇಡಿಯೋ. ಮೊದಲ ಸಾಲಿನಲ್ಲಿ ಹೆಂಡತಿ ಮತ್ತು ಭಾವ.

ಕುಲಪತಿಗಳು ಭಾಷಣಕ್ಕೆ ಎದ್ದರು. ಅವರು ಒಳ್ಳೆಯವರು, ಆದರೆ ಭಾಷಣ ನಿಲ್ಲಿಸುವುದನ್ನು ಯಾರೂ ಅವರಿಗೆ ಕಲಿಸಿರಲಿಲ್ಲ. ಆರೋಗ್ಯ ಅಂದರೇನು ಎಂಬಲ್ಲಿಂದ ಶುರುವಾಗಿ, ಮನುಷ್ಯ ನಾಲ್ಕು ಕಾಲಿನಿಂದ ಎರಡು ಕಾಲಿಗೆ ಬಂದ ಹಂತ ತಲುಪುವಷ್ಟರಲ್ಲಿ ಪೀಪಿ ಸಾಹೇಬರಿಗೆ ಆ ಎರಡು ಕಾಲೂ ಬೇಡವಾಗಿದ್ದವು. ಕಿರುಬೆರಳು ಮೊದಲು ಅತ್ತಿತು, ಆಮೇಲೆ ಬೈದಿತು, ಆಮೇಲೆ ಮಾತು ಬಿಟ್ಟಿತು. ಅದರ ಹಿಂದೆಯೇ ಉಳಿದ ಬೆರಳುಗಳೂ ಒಂದೊಂದಾಗಿ ಸಾಹೇಬರ ಸಂಬಂಧ ಕಡಿದುಕೊಂಡವು. ಹಣೆಯಲ್ಲಿ ಬೆವರು ಕೊಡದಿಂದ ಸುರಿದಂತೆ ಇಳಿಯಿತು. ಒಂದು ಕಾಲೆತ್ತಿ ಇನ್ನೊಂದರ ಮೇಲೆ ನಿಂತರು. ಆ ಕಾಲು ಇಳಿಸಿ ಈ ಕಾಲೆತ್ತಿದರು.

ಕುಲಪತಿಗಳು ಭಾಷಣ ಮುಗಿಸಿ ಕೂತಾಗ ಸಾಹೇಬರು ಮೈಕಿನ ಕಂಬವನ್ನು ತಬ್ಬಿಕೊಂಡು ನಿಂತಿದ್ದರು, ಕಳೆದುಹೋದ ಅಣ್ಣ ಸಿಕ್ಕವರ ಹಾಗೆ.

ವ್ಯಾಯಾಮದ ಮೇಷ್ಟ್ರು ಎದ್ದುಬಂದು, ಎಲ್ಲರಿಗೂ ಕೇಳುವಂತೆ ಕೇಳಿದರು. "ಯಾಕೆ ಸಾರ್, ಮೈ ಹುಷಾರಿಲ್ವಾ? ಮುಂದಿನ ಕಾರ್ಯಕ್ರಮ ನಾನು ನಡೆಸಿಕೊಡ್ಲಾ?"

ಸಾಹೇಬರಿಗೆ ರೇಗಿತು. ಮೈಕು ಬಾಯಿಗೆ ತಾಗಿಕೊಂಡೇ ಇದೆ ಎನ್ನುವುದು ಮರೆತುಹೋಯಿತು.

"ನನಗೇನೂ ಆಗಿಲ್ಲ!"

ಧ್ವನಿವರ್ಧಕ ಅದನ್ನು ಮೈದಾನದ ನಾಲ್ಕೂ ಮೂಲೆಗೆ ಮುಟ್ಟಿಸಿತು. ಕೂಡಲೇ ಪಡೆ ಸ್ಟ್ರೆಚರ್ ಹೊತ್ತುಕೊಂಡು ವೇದಿಕೆಗೆ ನುಗ್ಗಿತು. ಏನಾಗುತ್ತಿದೆ ಎಂದು ತಿಳಿಯುವ ಮುಂಚೆ ಸಾಹೇಬರು ಅಂಗಾತ ಮಲಗಿ ಪೆಂಡಾಲಿನ ಬಟ್ಟೆ ನೋಡುತ್ತಿದ್ದರು.

"ಏಯ್, ಇಳಿಸ್ರೋ! ನನಗೇನೂ ಆಗಿಲ್ಲ ಅಂದ್ನಲ್ಲ!"

"ಎರಡನೇ ಸಲ!" ಎಂದು ಯಾರೋ ಕೂಗಿದರು. ಎದೆಯ ಮೇಲೆ, ತೊಡೆಯ ಮೇಲೆ ಪಟ್ಟಿಗಳು ಬಿಗಿದವು. ಕೈಗಳು ಪಕ್ಕಕ್ಕೆ ಸೇರಿಹೋದವು.

"ಅಯ್ಯೋ ಗ್ರಹಚಾರವೇ, ನನಗೇನೂ..."

"ಮೂರನೇದು! ಡಾಕ್ಟರ್, ಓಡಿಬನ್ನಿ!"

ಕುಲಪತಿಗಳು ಕುಲಸಚಿವರ ಕಿವಿಯಲ್ಲಿ, "ಪ್ರಾತ್ಯಕ್ಷಿಕೆ ಬಹಳ ಚೆನ್ನಾಗಿದೆ" ಎಂದು ಚಪ್ಪಾಳೆ ತಟ್ಟಿದರು. ಇದು ಪ್ರಾತ್ಯಕ್ಷಿಕೆಯಲ್ಲ, ಪ್ರಾತ್ಯಕ್ಷಿಕೆಗೆ ಬೇರೆ ಹುಡುಗ ರೋಗಿಯಂತೆ ಮುಖಕ್ಕೆ ಸುಣ್ಣ ಬಳಿದುಕೊಂಡು ಹಿಂದೆ ಮಲಗಿದ್ದಾನೆ ಎಂದು ಕುಲಸಚಿವರಿಗೆ ಗೊತ್ತಿತ್ತು. ಅವರ ಮುಖ ಆ ಹುಡುಗನ ಮುಖಕ್ಕಿಂತ ಬೆಳ್ಳಗಾಯಿತು.

ಡಾಕ್ಟರು ನಾಡಿ ಹಿಡಿದರು. ನಾಚಿಕೆಗೆ ಅದು ಕುದುರೆಯ ಹಾಗೆ ಓಡುತ್ತಿತ್ತು. ಬೂಟಿನ ಮೇಲಿಂದಲೇ ಬೆರಳು ಒತ್ತಿ ಕೇಳಿದರು.

"ಇಲ್ಲಿ ಮುಟ್ಟಿದ್ದು ಗೊತ್ತಾಗತ್ತಾ?"

ಸಾಹೇಬರು ಸತ್ಯವಂತರು. "ಇಲ್ಲ."

"ಈ ಕಾಲಲ್ಲಿ?"

"ಅದರಲ್ಲೂ ಇಲ್ಲ."

"ಬೆರಳು ಅಲ್ಲಾಡಿಸಿ ನೋಡೋಣ."

"ಜಾಗ ಇಲ್ಲ... ಅಂದ್ರೆ, ಆಗ್ತಾ ಇಲ್ಲ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಒರೆಸುವ ಡಾಕ್ಟರನ್ನು ಕಂಡರೆ ಗಟ್ಟಿಮುಟ್ಟಾದವರಿಗೂ ಕಾಯಿಲೆ ಬರುತ್ತದೆ. "ಎರಡೂ ಕಾಲಿಗೆ ಸ್ಪರ್ಶಜ್ಞಾನ ಹೋಗಿದೆ. ದೊಡ್ಡಾಸ್ಪತ್ರೆಗೆ ಹೊರಡಿಸಿ. ಮೊದಲು ಬೂಟು ಬಿಚ್ಚಿ."

"ಬೂಟು ಮುಟ್ಟಬೇಡಿ!" ಸಾಹೇಬರು ಚೀರಿದರು. ಬಿಚ್ಚಿದರೆ ಕತ್ತರಿಸಿದ ಕಾಲುಚೀಲ! ಕುಲಪತಿಗಳ ಮುಂದೆ, ಭಾವನ ಮುಂದೆ, ಆ ವ್ಯಾಯಾಮದ ಮೇಷ್ಟ್ರ ಮುಂದೆ ಹತ್ತು ಬೆರಳೂ ಬಯಲು! "ಪ್ರಾಣ ಹೋದ್ರೂ ಬೂಟು ಬಿಚ್ಚಬೇಡಿ!"

"ಗಾಬರಿ ಅಷ್ಟಾಗಿದೆ, ಪಾಪ" ಎಂದು ಡಾಕ್ಟರು ಕೈ ಹಿಂದೆಗೆದರು.

ಹೆಂಡತಿ ಎದ್ದು ಓಡಿಬಂದಳು. ಪಡೆಯವರು ಹಗ್ಗ ಅಡ್ಡ ಹಿಡಿದರು.

"ಬಿಡ್ರೋ ನನ್ನ! ಅವರಿಗೆ ರೋಗ ಇಲ್ಲ, ಬೂಟು ಬಿಗಿ! ಏಳನೇ ನಂಬರು ಕಣ್ರೋ!"

"ಅಮ್ಮಾ, ಸಮಾಧಾನ ಮಾಡ್ಕೊಳ್ಳಿ. ಗಾಬರೀಲಿ ಹೀಗೆಲ್ಲಾ ಅನ್ಸತ್ತೆ."

"ಗಾಬರಿ ನಿನಗೆ! ಅಂಗಡೀಲೇ ಹೇಳಿದ್ದೆ ನಾನು!"

"ಕೂತ್ಕೊಳ್ಳಿ ಅಮ್ಮಾ, ನೀರು ಕುಡೀರಿ." ಹುಡುಗರು ಬಹಳ ಪ್ರೀತಿಯಿಂದ ಹೇಳಿದರು. ಹಾಗೆ ಹೇಳಲು ಸಾಹೇಬರೇ ಕಲಿಸಿದ್ದರು.

ಭಾವನಿಗೆ ತಡೆಯಲಾಗಲಿಲ್ಲ. "ನನ್ನ ತಂಗಿ ಗಂಡ! ಮಾತಾಡಿಸೋಕೂ ಬಿಡಲ್ವಾ? ಯಾವ ಮೂರ್ಖ ಮಾಡಿದ್ದು ಈ ನಿಯಮ?"

ಪಡೆಯವರೆಲ್ಲ ಒಟ್ಟಿಗೆ ಸ್ಟ್ರೆಚರಿನ ಕಡೆ ಬೆರಳು ತೋರಿಸಿದರು.

ಅಷ್ಟರಲ್ಲಿ ಇನ್ನೊಂದು ತೊಡಕು ಎದ್ದಿತು. ಕುಲಸಚಿವರು ಮೈದಾನದಂಚಿನಲ್ಲಿ ನಿಂತಿದ್ದ ಆಂಬುಲೆನ್ಸಿನ ಡ್ರೈವರನಿಗೆ ಕೈಬೀಸಿದರೆ ಅವನು ಕದಲಲಿಲ್ಲ. "ವಾರ್ಡನ್ ಸಾಹೇಬರು ಬಾಯಲ್ಲಿ ಹೇಳ್ದೆ ಗಾಡಿ ಗೇಟು ದಾಟೋ ಹಾಗಿಲ್ಲ ಸಾರ್."

"ಅಯ್ಯಾ, ಮಲಗಿರೋರೇ ವಾರ್ಡನ್!"

"ಹಂಗಾದ್ರೆ ಅವರನ್ನೇ ಕೇಳಿ."

"ಕೇಳೋ ಹಾಗಿಲ್ಲ ಸಾರ್" ಎಂದಿತು ಪಡೆ. "ರೋಗಿ ಮಾತು ನಂಬಬಾರದು ಅಂತ ನಿಯಮ."

ಡ್ರೈವರು ಸೀಟಿನಲ್ಲಿ ಹಿಂದಕ್ಕೆ ಒರಗಿದ. ಕುಲಸಚಿವರು ತಲೆ ಮೇಲೆ ಕೈ ಹೊತ್ತರು. ಗ್ರಂಥಪಾಲಕರು ಗುಂಪಿನಲ್ಲಿ ನಿಂತು, "ಸದ್ಯ, ಈ ಸಲ ನಮ್ಮ ಹೊಸ್ತಿಲಲ್ಲಿ ಆಗಿಲ್ಲ" ಎಂದು ಪಕ್ಕದವರಿಗೆ ಹೇಳಿದರು.

ಅಪ್ಪಣೆ ಆಮೇಲೆ ನೋಡೋಣ, ಮೊದಲು ಗಾಡಿಯ ಹತ್ತಿರವಾದರೂ ಒಯ್ಯಿರಿ ಎಂದರು ಡಾಕ್ಟರು. ಸ್ಟ್ರೆಚರ್ ವೇದಿಕೆಯಿಂದಿಳಿದು ಮೈದಾನ ದಾಟತೊಡಗಿತು. ಹಿಂದೆ ಕುಲಸಚಿವ, ಅವರ ಹಿಂದೆ ಹಗ್ಗ, ಹಗ್ಗದಾಚೆ ಹೆಂಡತಿ, ಅವಳ ಹಿಂದೆ ಭಾವನ ಕಂಠ.

ಅಂಗಾತ ಮಲಗಿದವನಿಗೆ ನೋಡಲು ಹೆಚ್ಚೇನೂ ಇರುವುದಿಲ್ಲ. ಒಂದು ಆಕಾಶ, ಇನ್ನೊಂದು ತಲೆಯ ಕಡೆ ಹೊತ್ತವರ ಗಲ್ಲ. ತಲೆಯ ಕಡೆ ಹೊತ್ತಿದ್ದವಳು ರೇಡಿಯೋ. ಸಾಹೇಬರು ಒಂದಷ್ಟು ಹೊತ್ತು ತಮ್ಮ ಮಾನಕ್ಕೆ ಅತ್ತುಕೊಂಡರು. ಆಮೇಲೆ ಏನೋ ಕೊರತೆ ಅನ್ನಿಸಿತು. ಗಡಿಯಾರ ನಿಂತಾಗ ಮನೆಯಲ್ಲಿ ಅನ್ನಿಸುತ್ತದಲ್ಲ, ಹಾಗೆ.

ರೇಡಿಯೋ ಮಾತಾಡುತ್ತಿರಲಿಲ್ಲ.

ಇಷ್ಟು ದೊಡ್ಡ ಅವಾಂತರ, ವಾರ್ಡನ್ನೇ ಸ್ಟ್ರೆಚರ್ ಮೇಲೆ, ಊರಿಗೆಲ್ಲ ವರ್ಷವಿಡೀ ಹೇಳುವಷ್ಟು ಸರಕು, ಮತ್ತು ರೇಡಿಯೋ ಬಂದ್! ಸಾಹೇಬರು ಕಣ್ಣು ಮೇಲೆತ್ತಿ ನೋಡಿದರು. ಹುಡುಗಿಯ ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಬೆವರು ಗಲ್ಲದಿಂದ ಹನಿಹನಿಯಾಗಿ ಅವರ ಹಣೆಯ ಮೇಲೇ ಬೀಳುತ್ತಿತ್ತು. ಇಷ್ಟು ಹೊತ್ತು ಅದನ್ನು ತಮ್ಮದೇ ಬೆವರೆಂದು ತಿಳಿದಿದ್ದರು. ಹಿಡಿ ಹಿಡಿದ ಅವಳ ಕೈ ಅವರ ಕಿವಿಗೆ ತಾಗಿತು. ಕಾದ ಕಾವಲಿಯಂತಿತ್ತು.

"ಏನಮ್ಮಾ ರೇಡಿಯೋ, ಇವತ್ತು ಯಾಕೆ ಸದ್ದಿಲ್ಲ?" ಮೆಲ್ಲಗೆ ಕೇಳಿದರು.

"ನನಗೇನೂ ಆಗಿಲ್ಲ ಸಾರ್."

ಸಾಹೇಬರಿಗೆ ತಮ್ಮದೇ ನಿಯಮ ನೆನಪಾಯಿತು.

"ಯಾವಾಗಿಂದ ಏನೂ ಆಗಿಲ್ಲ?"

ಹುಡುಗಿ ಎರಡು ಹೆಜ್ಜೆ ನಡೆದು ಹೇಳಿದಳು. "ನಿನ್ನೆ ಬೆಳಿಗ್ಗೆಯಿಂದ."

"ಎಲ್ಲಿ ಏನೂ ಆಗಿಲ್ಲ?"

"ಹೊಟ್ಟೇಲಿ ಸಾರ್. ಬಲಗಡೆ, ಕೆಳಗೆ."

"ಯಾಕಮ್ಮಾ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮೊದಲು ಮನೆಗೆ ಫೋನ್ ಮಾಡ್ತೀರಿ. ಅಮ್ಮ ಹೆದರಿಕೊಂಡು ಬಂದು ಪರೀಕ್ಷೆ ಬಿಡಿಸಿ ಕರ್ಕೊಂಡು ಹೋಗ್ತಾರೆ. ಅದೂ ಅಲ್ದೆ... ಇವತ್ತು ನಿಮ್ಮ ದಿನ ಸಾರ್."

ಕಿರುಬೆರಳಿಗೆ ಆಗದ ನೋವು ಆಗ ಸಾಹೇಬರಿಗೆ ಎದೆಯಲ್ಲಾಯಿತು. ಗಂಟಲು ಹರಿಯುವಂತೆ ಕೂಗಿದರು. "ನಿಲ್ಲಿಸಿ! ನನ್ನ ಇಳಿಸಿ, ಇವಳನ್ನ ಮಲಗಿಸಿ!"

"ಅಯ್ಯೋ, ತಲೆಗೂ ಏರಿತು" ಅಂದರು ವ್ಯಾಯಾಮದ ಮೇಷ್ಟ್ರು.

ಯಾರೂ ನಿಲ್ಲಲಿಲ್ಲ. ಕೈ ಕಟ್ಟಿದೆ, ಮಾತು ನಡೆಯುವುದಿಲ್ಲ. ಉಳಿದದ್ದು ಪೀಪಿ. ಅದು ಎದೆಯ ಮೇಲೆ ಜಾರಿ ಕತ್ತಿನ ಹತ್ತಿರ ಬಿದ್ದಿತ್ತು. ಸಾಹೇಬರು ಗಲ್ಲ ಒತ್ತಿ, ನಾಲಿಗೆ ಚಾಚಿ, ಕರು ಕೆಚ್ಚಲಿಗೆ ಬಾಯಿ ಹಾಕುವಂತೆ ಹಾಕಿ, ಹೇಗೋ ಹಿಡಿದು ಊದಿದರು. ಹುಟ್ಟಿದಾಗಿನಿಂದ ಊದಿದ್ದೆಲ್ಲ ಒಂದು ತೂಕ, ಆ ಊದು ಒಂದು ತೂಕ. ಮರದ ಮೇಲಿನ ಕಾಗೆಗಳೆಲ್ಲ ಒಮ್ಮೆಲೇ ಎದ್ದವು. ಪಡೆ ಕಲಿತ ಅಭ್ಯಾಸಕ್ಕೆ ನಿಂತಲ್ಲೇ ಕಲ್ಲಾಯಿತು.

"ನನ್ನ ಬೂಟು ಬಿಚ್ಚಿ!" ಪೀಪಿ ಉಗಿದು ಹೇಳಿದರು. "ನನ್ನ ಹೆಂಡತಿ ಹೇಳಿದ್ದು ನಿಜ! ಬೂಟು ಏಳು, ಕಾಲು ಒಂಬತ್ತು! ಶೋಕಿಗೆ ಹಾಕ್ಕೊಂಡೆ! ಬಿಚ್ಚಿ ನೋಡಿ, ಆಮೇಲಾದ್ರೂ ನನ್ನ ಮಾತು ನಂಬಿ!"

ಹೆಂಡತಿ ಹಗ್ಗದ ಕೆಳಗೆ ನುಸುಳಿ ಬಂದು ಬಲಗಾಲು ಹಿಡಿದಳು. ಭಾವ ಎಡಗಾಲು ಹಿಡಿದರು. ಅಣ್ಣ ತಂಗಿ ಕಾಲೂರಿ ಜಗ್ಗಿದರು. ಎಡಬೂಟು ಭಾವನ ಜೊತೆಗೇ ನೆಲಕ್ಕೆ ಕೂತಿತು. ಬಲಬೂಟು ಹಟ ಮಾಡಿ, ಕೊನೆಗೆ ಪಟ್ ಎಂದು ಬಿಟ್ಟು, ಹೆಂಡತಿಯ ಕೈ ತಪ್ಪಿ, ಆಕಾಶದಲ್ಲಿ ಮಿಂಚುತ್ತ ಹಾರಿ, ವೇದಿಕೆಯ ಮೇಜಿನ ಹೂದಾನಿಯಲ್ಲಿ ತಲೆಕೆಳಗಾಗಿ ನಿಂತಿತು. ಚಪ್ಪಾಳೆಗೆ ಎತ್ತಿದ್ದ ಕುಲಪತಿಗಳ ಕೈ ಅಲ್ಲೇ ನಿಂತಿತು.

ಹತ್ತು ಬೆರಳು ಬಯಲಾದವು. ಮೇಲೆ ಕಾಲುಚೀಲದ ಎರಡು ಕೊಳವೆ. ಮೈದಾನಕ್ಕೆ ಮೈದಾನವೇ ನಕ್ಕಿತು. ಗ್ರಂಥಪಾಲಕರಂತೂ, ಗ್ರಂಥಾಲಯದಲ್ಲಿ ಇಷ್ಟು ವರ್ಷ ತಡೆದಿಟ್ಟ ನಗೆಯನ್ನೆಲ್ಲ ಅಲ್ಲೇ ಖಾಲಿ ಮಾಡಿದರು.

ಸಾಹೇಬರು ಆ ನಗೆಯನ್ನು ಕೇಳಿಸಿಕೊಳ್ಳಲೂ ಇಲ್ಲ. ಪಟ್ಟಿ ಬಿಚ್ಚಿದ್ದೇ ತಡ ಹಾರಿ ಇಳಿದರು. ಸರಿಯಾಗಿ ಆಗಲೇ ರೇಡಿಯೋ ಮೊಣಕಾಲು ಮಡಿಚಿ ಕುಸಿದಳು. ಅವಳು ಬಿದ್ದದ್ದು ಸಾಹೇಬರ ತೋಳಿಗೆ. ತಲೆ ಯಾರದು, ಕಾಲು ಯಾರದು ಎಂದು ಯಾರೂ ಕೇಳಲಿಲ್ಲ.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಈ ಸಲ ಕನ್ನಡಕ ಒರೆಸಲಿಲ್ಲ. "ಅಪೆಂಡಿಕ್ಸು ಊದಿದೆ. ತಡ ಮಾಡಿದ್ರೆ ಒಡೆಯತ್ತೆ. ಹೊರಡಿ!"

"ನಾನೇ ವಾರ್ಡನ್, ನಾನೇ ಹೇಳ್ತಿದೀನಿ, ಗೇಟು ತೆಗೀರಿ!" ಎಂದು ಸಾಹೇಬರು ಬರಿಗಾಲಲ್ಲೇ ಆಂಬುಲೆನ್ಸ್ ಹತ್ತಿದರು. ಡ್ರೈವರು ಗಾಡಿಯನ್ನು ಭಾವನ ಇಂಜಿನಿಗೂ ನಾಚಿಕೆಯಾಗುವಂತೆ ಓಡಿಸಿದ.

ಆಪರೇಷನ್ ಆಯಿತು. ಒಡೆಯುವ ಮುಂಚೆಯೇ ತೆಗೆದದ್ದಕ್ಕೆ ಬಚಾವ್ ಎಂದರು ದೊಡ್ಡಾಸ್ಪತ್ರೆಯವರು. ಹುಡುಗಿಗೆ ಎಚ್ಚರವಾದ ಮೇಲೆ ಸಾಹೇಬರು, "ಮನೆಗೆ ಫೋನ್ ಮಾಡ್ಲಾ, ನೀನೇ ಮಾಡ್ತೀಯಾ?" ಎಂದು ಅವಳನ್ನೇ ಕೇಳಿದರು. ಅವಳೇ ಮಾಡಿದಳು. ಸಾಹೇಬರ ಹೆಂಡತಿಯೂ ಫೋನು ಇಸಕೊಂಡು, ಪರೀಕ್ಷೆ ಆಮೇಲೆ ಬರೆಸ್ತಾರಂತೆ, ಹೆದರಬೇಡಿ ಎಂದು ಆ ತಾಯಿಗೆ ಧೈರ್ಯ ಹೇಳಿದಳು. ಸಂಜೆಯ ಹೊತ್ತಿಗೆ ರೇಡಿಯೋ ಮತ್ತೆ ಶುರುವಾಗಿತ್ತು. ಪಕ್ಕದ ಹಾಸಿಗೆಯ ಮುದುಕಿ, ತನಗೆ ಗುಣವಾಗಿದೆ, ಇವತ್ತೇ ಮನೆಗೆ ಕಳಿಸಿ ಎಂದು ನರ್ಸಿನ ಕಾಲು ಹಿಡಿಯಿತಂತೆ.

ಕುಲಪತಿಗಳು ಆಸ್ಪತ್ರೆಗೇ ಬಂದರು. ಕೈಯಲ್ಲಿ ಹೂದಾನಿಯಿಂದ ತೆಗೆದ ಬೂಟು, ಇನ್ನೂ ತೊಟ್ಟಿಕ್ಕುತ್ತಿತ್ತು. ಕಾರಿಡಾರಿನಲ್ಲಿ ಬರಿಗಾಲಲ್ಲಿ ನಿಂತಿದ್ದ ಸಾಹೇಬರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಮುಖ್ಯಸ್ಥರ ಹೆಸರು ಘೋಷಿಸೋದು ಬಾಕಿ ಉಳೀತು" ಅಂದರು ಕುಲಪತಿಗಳು, ಬೂಟಿನ ಅಟ್ಟೆ ತಿರುಗಿಸಿ ನಂಬರು ನೋಡುತ್ತ. "ಹುಡುಗಿಗೆ ಹುಷಾರಿಲ್ಲ ಅಂತ ಹೇಗೆ ಗೊತ್ತಾಯ್ತು ನಿಮಗೆ?"

"ನಮ್ಮ ನಿಯಮ ಇತ್ತಲ್ಲ ಸಾರ್. ಏನೂ ಆಗಿಲ್ಲ ಅಂದಳು."

"ನಿಯಮ ಚೆನ್ನಾಗಿದೆ. ನೀವೇ ಮುಖ್ಯಸ್ಥರಾಗಿರಿ. ಆದರೆ ನೆಂಟರಿಗೆ ಕಟ್ಟೋ ಹಗ್ಗ ತೆಗೆಸಿ. ಇನ್ನು ಮೇಲೆ ಬೂಟನ್ನ ನಿಮ್ಮ ಮನೆಯವರೇ ಆರಿಸ್ಲಿ." ಸುಮ್ಮನೆ ಹೋಗಬಾರದೆಂದು ಹೆಗಲು ತಟ್ಟಿ ಕೇಳಿದರು. "ಈಗ ನೀವು ಹೇಗಿದೀರಿ?"

ಕಾರಿಡಾರಿನ ಆ ತುದಿಯಲ್ಲಿ ಸ್ಟ್ರೆಚರ್ ಹಿಡಿದು ನಿಂತಿದ್ದ ಪಡೆಯವರೆಲ್ಲ ಕಿವಿ ನೆಟ್ಟಗೆ ಮಾಡಿದರು. ಒಬ್ಬ ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದ.

"ನನಗೇ..." ಎಂದ ಸಾಹೇಬರು ಅವರನ್ನು ನೋಡಿ ನಾಲಿಗೆ ಕಚ್ಚಿಕೊಂಡರು. "ಸ್ವಲ್ಪ ಕಾಲು ನೋವು ಸಾರ್!"

ಪಡೆ ಸ್ಟ್ರೆಚರನ್ನು ಗೋಡೆಗೆ ಒರಗಿಸಿತು.

ಆವತ್ತಿನಿಂದ ಆ ವಿಶ್ವವಿದ್ಯಾಲಯದಲ್ಲಿ ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೇನೆ ಅನ್ನುವವರಿಲ್ಲ. ಕುಸ್ತಿಪಟುಗಳೂ ಸ್ವಲ್ಪ ನೆಗಡಿ ಎಂದು ಹೇಳಿಯೇ ಮುಂದೆ ಹೋಗುತ್ತಾರೆ. ಗ್ರಂಥಪಾಲಕರು ತಮ್ಮ ಮಂಡಿನೋವನ್ನು ಕೇಳದವರಿಗೂ ವಿವರಿಸುತ್ತಾರೆ.

ಮನೆಗೆ ಬಂದ ಸಾಹೇಬರ ಕಾಲನ್ನು ಹೆಂಡತಿ ಬಿಸಿನೀರಿನ ಬಕೆಟ್ಟಿಗೆ ಇಳಿಸಿದಳು. ಬೊಬ್ಬೆಗಳನ್ನು ನೋಡಿದಳು. ಬೈಯುತ್ತಾಳೆಂದು ಸಾಹೇಬರು ಕಾದರು. ಅವಳು ಬೈಯಲಿಲ್ಲ.

"ನೋವಾಯ್ತೇನ್ರೀ?"

ಸಾಹೇಬರು ಬಾಗಿಲ ಕಡೆ ನೋಡಿದರು. ಭಾವ ಹಾಸಿಗೆಯ ಹೊದಿಕೆಯನ್ನು ಸ್ಟ್ರೆಚರಿನ ಹಾಗೆ ಎರಡು ಕೈಯಲ್ಲಿ ಅಗಲಿಸಿ ಹಿಡಿದು, ಎತ್ತಲು ಸಿದ್ಧವಾಗಿ ನಿಂತಿದ್ದರು.

"ಆಯ್ತು ಕಣೆ" ಅಂದರು ಸಾಹೇಬರು. "ತುಂಬಾ ನೋವಾಯ್ತು."

"ಅಣ್ಣಾ, ಹೊದಿಕೆ ಮಡಚಿಡು" ಅಂದಳು ಹೆಂಡತಿ. "ಮದುವೆಯಾದಾಗಿಂದ ಇವತ್ತೇ ಇವರು ಮೊದಲ ಸಲ ಹುಷಾರಾಗಿರೋದು."